ದ್ವೀಪದ ಋಣ

ಸುತ್ತಲೂ ನೀರು, ನೀರಿನ ನಡುವೆ ಕಾಡು, ಕಾಡಿನೊಳಗೆ ಒಂದು ರಾತ್ರಿ. ನಗರದಲ್ಲಿ ಬಾಳುವ ನಮ್ಮೆಲ್ಲರ ಮನಸ್ಸಿನ ಯಾವುದೋ ಮೂಲೆಯಲ್ಲಿ ಇಂಥದೊಂದು ಆಸೆ ಇದ್ದೇ ಇರುತ್ತದೆ. ಯಲಹಂಕದಂಥ ಊರಿನಲ್ಲಿ ವಯಸ್ಸು ಕಳೆದವರಿಗೆ ಅದು ಇನ್ನಷ್ಟು ಹೆಚ್ಚು. ತಲೆಯ ಮೇಲೆ ವಿಮಾನಗಳ ಸದ್ದು, ಹೆದ್ದಾರಿಯಲ್ಲಿ ಹಗಲಿರುಳು ನಿಲ್ಲದ ವಾಹನಗಳ ಸಾಲು, ಕೈಯಲ್ಲಿ ಕ್ಷಣಕ್ಷಣಕ್ಕೂ ಕರೆಯುವ ಫೋನು. ಇಂಥ ಕಡೆ ಬಾಳುವವರಿಗೆ, ಯಾರೂ ಕರೆಯದ, ಯಾರಿಗೂ ಉತ್ತರ ಕೊಡಬೇಕಿಲ್ಲದ ಒಂದು ನಡುಗಡ್ಡೆ ಬೇಕೆನಿಸಿದರೆ ಅದರಲ್ಲಿ ಆಶ್ಚರ್ಯವೇನು? ಆದರೂ ಆ ಆಸೆಯನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ದ್ವೀಪಕ್ಕೆ ಹೋಗುವ ನಾವು ಅಲ್ಲಿ ಏನನ್ನು ಹುಡುಕುತ್ತೇವೆ? ಹುಡುಕಿದ್ದೇ ಸಿಗುತ್ತದೆಯೇ, ಅಥವಾ ಹುಡುಕದೇ ಇದ್ದ ಬೇರೆ ಏನಾದರೂ ನಮಗಾಗಿ ಅಲ್ಲಿ ಕಾದಿರುತ್ತದೆಯೇ?

ನಮ್ಮ ನಾಡಿನಲ್ಲಿ ದ್ವೀಪಗಳಿಗೆ ಬರವಿಲ್ಲ. ಮಲ್ಪೆಯ ಎದುರಿಗೆ ಕಂಬ ಕಂಬವಾಗಿ ಸೀಳಿ ನಿಂತ ಕರಿಗಲ್ಲಿನ ಸೇಂಟ್ ಮೇರಿಸ್ ಇದೆ. ಮುರ್ಡೇಶ್ವರದಾಚೆ ಹವಳದ ನೇತ್ರಾಣಿ ಇದೆ. ಕಾರವಾರದ ಕಡಲಲ್ಲಿ ನರಸಿಂಹ ದೇವರ ಜಾತ್ರೆಗೆ ದೋಣಿಗಳು ಸೇರುವ ಕೂರ್ಮಗಡವಿದೆ. ಕಾವೇರಿಯ ಮಡಿಲಲ್ಲಿ ರಂಗನತಿಟ್ಟು ಇದೆ. ಆದರೆ ಕಾಡಿನ ದ್ವೀಪದಲ್ಲಿ ಉಳಿಯುವ ಮಾತು ಬಂದಾಗ ನಮ್ಮ ಮನಸ್ಸು ಮೊದಲು ಹೋಗುವುದು ಶರಾವತಿಯ ಹಿನ್ನೀರಿಗೆ. ಸಾಗರ ಸೀಮೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಕಣ್ಣು ಹಾಯುವಷ್ಟು ದೂರ ಹಬ್ಬಿದ ನೀರು, ಆ ನೀರಿನಲ್ಲಿ ಚೆದುರಿ ನಿಂತ ಎಷ್ಟೋ ಹಸಿರು ನಡುಗಡ್ಡೆಗಳು. ತಾಳಗುಪ್ಪದಲ್ಲಿ ರೈಲಿಳಿದು ಹೊನ್ನೇಮರಡುವಿಗೆ ಹೋದವರು ಲೈಫ್ ಜಾಕೆಟ್ ತೊಟ್ಟು, ಬಲ್ಲವರ ಜೊತೆ ಹರಿಗೋಲಿನಲ್ಲಿ ನಡುಗಡ್ಡೆಗೆ ದಾಟಿ, ಗುಡಾರದಲ್ಲಿ ರಾತ್ರಿ ಕಳೆಯುವ ಪದ್ಧತಿ ಬಹಳ ವರ್ಷಗಳಿಂದ ಇದೆ. ಹಿನ್ನೀರಿನ ಮತ್ತೊಂದು ಅಂಚಿಗೆ ಹೊಂದಿಕೊಂಡಂತೆ ಅಭಯಾರಣ್ಯವಿದೆ. 1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವೆಂದು ಘೋಷಿತವಾದ ಆ ಕಾಡು, 2019ರಲ್ಲಿ ಅಘನಾಶಿನಿಯ ಕಾಡನ್ನೂ ಕೂಡಿಸಿಕೊಂಡು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವಾಗಿದೆ.

ಹೋಗಿ ಬರುವುದು ಬೇರೆ, ಉಳಿಯುವುದು ಬೇರೆ. ಈ ವ್ಯತ್ಯಾಸ ಮೇಲುನೋಟಕ್ಕೆ ಸಣ್ಣದು, ಆದರೆ ಬದುಕಿನಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸಗಳು ಹೆಚ್ಚಿಲ್ಲ. ಹೋಗಿ ಬರುವವರ ಕಣ್ಣು ಸದಾ ಗಡಿಯಾರದ ಮೇಲೆ. ಅವರಿಗೆ ಜಾಗವೆಂದರೆ ನೋಟ, ನೋಟವೆಂದರೆ ಫೋಟೊ. ಉಳಿಯುವವರಿಗೆ ಹಾಗಲ್ಲ. ಸಂಜೆ ಕೊನೆಯ ಹರಿಗೋಲು ದಡ ಬಿಟ್ಟು ಹೋದ ಮೇಲೆ ಅವರಿಗೆ ಬೇರೆ ದಾರಿಯಿಲ್ಲ. ತಂದ ಅಕ್ಕಿ ಎಷ್ಟೋ ಅಷ್ಟರಲ್ಲೇ ಅಡುಗೆ, ಕ್ಯಾನಿನಲ್ಲಿರುವ ನೀರು ಎಷ್ಟೋ ಅಷ್ಟರಲ್ಲೇ ರಾತ್ರಿ. ಮರೆತು ಬಂದದ್ದು ಮರೆತೇ ಹೋಯಿತು, ಅಂಗಡಿಯಿಲ್ಲ, ನೆರೆಮನೆಯಿಲ್ಲ. ಬೇಕು ಎಂಬ ಪದವನ್ನು ದಿನಕ್ಕೆ ನೂರು ಸಲ ಆಡುವ ನಾಲಗೆ ಅಲ್ಲಿ ಮೊದಲ ಸಲ ಸಾಕು ಎನ್ನುವುದನ್ನು ಕಲಿಯುತ್ತದೆ. ಹಾಗೆ ಕಲಿಯುವಾಗ ಅದಕ್ಕೆ ಕಷ್ಟವೂ ಆಗುವುದಿಲ್ಲ. ಇಷ್ಟು ಸುಲಭವಾಗಿ ಬಿಡಬಹುದಾಗಿದ್ದ ಎಷ್ಟೊಂದು ಬೇಕುಗಳನ್ನು ನಾವು ಹೊತ್ತುಕೊಂಡು ತಿರುಗುತ್ತಿದ್ದೆವು ಎಂದು ಆಗ ಮನಸ್ಸಿಗೆ ಹೊಳೆಯುವುದಿಲ್ಲವೇ?

ಏಕಾಂತವನ್ನು ನಮ್ಮ ಪರಂಪರೆ ಬಹು ದೊಡ್ಡದೆಂದು ಕಂಡಿದೆ. ಅಕ್ಕಮಹಾದೇವಿ ಕಲ್ಯಾಣದ ಮಹಾಮನೆಯನ್ನೂ ಬಿಟ್ಟು ಶ್ರೀಶೈಲದ ಕದಳಿಗೆ ನಡೆದಳು. ಪಾಂಡವರಿಗೆ ಅರಮನೆಯಲ್ಲಿ ಸಿಗದ ತಿಳಿವಳಿಕೆ ಕಾಡಿನಲ್ಲಿ ಸಿಕ್ಕಿತು. ಆಶ್ರಮಗಳ ಕಲ್ಪನೆಯಲ್ಲಿ ಮನೆಯ ಭಾರ ಇಳಿಸಿದವರಿಗೆ ಕಾಡನ್ನೇ ಮುಂದಿನ ಮನೆಯೆಂದು ತೋರಿಸಿದ್ದಾರೆ. ಹಾಗಾಗಿ ದ್ವೀಪದ ಕಾಡಿನಲ್ಲಿ ಒಂದು ರಾತ್ರಿ ಕುಳಿತವರು, ಇಲ್ಲಿ ನಾನೊಬ್ಬನೇ, ನನಗೂ ಲೋಕಕ್ಕೂ ಸಂಬಂಧವಿಲ್ಲ ಎಂದುಕೊಂಡರೆ ಅದು ಸಹಜ. ಸುತ್ತಲಿನ ನೀರೂ ಹಾಗೆಯೇ ಹೇಳುವಂತೆ ಕಾಣುತ್ತದೆ. ಆದರೆ ಬೆಳಗಾದ ಮೇಲೆ ದಡಕ್ಕಿಳಿದು ಆ ನೀರನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ದಡದಿಂದ ತುಸು ದೂರದಲ್ಲಿ ಎಲೆಯಿಲ್ಲದ ಮರದ ಬೊಡ್ಡೆಗಳು ನೀರಿನಿಂದ ತಲೆಯೆತ್ತಿ ನಿಂತಿರುತ್ತವೆ. ತೊಗಟೆ ಯಾವಾಗಲೋ ಉದುರಿ, ಬಿಸಿಲಿಗೆ ಬಿಳಿಚಿ ಬೂದಿಬಣ್ಣಕ್ಕೆ ತಿರುಗಿದ ಬೊಡ್ಡೆಗಳು. ಅವುಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತವೆ. ಹರಿಗೋಲು ಹತ್ತಿರ ಹೋದಾಗ ಕೈಯಿಟ್ಟರೆ ಮರವೋ ಕಲ್ಲೋ ಎನ್ನುವಷ್ಟು ಗಟ್ಟಿ. ಅರವತ್ತು ವರ್ಷಗಳ ಹಿಂದೆ ಅವು ಕಣಿವೆಯ ಇಳಿಜಾರಿನಲ್ಲಿ ನೆರಳು ಕೊಡುತ್ತಿದ್ದ ಮರಗಳು. ಬೇಸಿಗೆ ಬಲಿತು ನೀರು ಇಳಿದಾಗ ನಡುಗಡ್ಡೆಯ ಸುತ್ತ ಕೆಂಪು ಜಂಬಿಟ್ಟಿಗೆಯ ಬೋಳು ಅಂಚು ಎದ್ದು ಕಾಣುತ್ತದೆ. ಎಷ್ಟೋ ಕಡೆ ಆ ಅಂಚಿನಲ್ಲಿ ಮನೆಯ ಪಾಯದ ಕಲ್ಲುಗಳು, ಒಡೆದ ಹೆಂಚಿನ ಚೂರುಗಳು, ಎಲ್ಲೋ ಒಂದು ಒರಳು ಹೊರಬರುತ್ತವೆ. ಒರಳಿನ ಗುಂಡಿಯಲ್ಲಿ ಹೂಳು ತುಂಬಿರುತ್ತದೆ. ಹೂಳು ತೆಗೆದರೆ, ಎಷ್ಟೋ ತಲೆಮಾರಿನ ಹೆಣ್ಣುಮಕ್ಕಳ ಕೈ ರುಬ್ಬಿ ರುಬ್ಬಿ ನುಣುಪಾಗಿಸಿದ ಕಲ್ಲು ಇಂದಿಗೂ ಹಾಗೆಯೇ ಇರುತ್ತದೆ.

ಆಗ ನಮಗೆ ಅರಿವಾಗುತ್ತದೆ, ನಾವು ಕುಳಿತದ್ದು ದ್ವೀಪದ ಮೇಲಲ್ಲ, ಬೆಟ್ಟದ ತುದಿಯ ಮೇಲೆ. ಬೆಟ್ಟದ ಕೆಳಗಿನದೆಲ್ಲ, ಗದ್ದೆ, ತೋಟ, ದೇವಸ್ಥಾನ, ಸಂತೆಗೆ ಹೋಗುವ ದಾರಿ, ಎಲ್ಲವೂ ನೀರಿನ ಅಡಿಯಲ್ಲಿವೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 830 ಅಡಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ನಿಂತಿತು. 1,819 ಅಡಿಯ ಮಟ್ಟದವರೆಗೆ ನೀರು ತುಂಬಿತು. ಆ ಮಟ್ಟಕ್ಕಿಂತ ಕೆಳಗಿದ್ದದ್ದು ಹಿನ್ನೀರಾಯಿತು, ಮೇಲಿದ್ದದ್ದು ದ್ವೀಪವಾಯಿತು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಿದ್ದು ನಕ್ಷೆಯ ಮೇಲಿನ ಒಂದು ಗೆರೆ.

ಅದೇ ನೀರಿನಡಿ ಇನ್ನೊಂದು ಅಣೆಕಟ್ಟೂ ಮಲಗಿದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮುಗಿದದ್ದು 1948ರಲ್ಲಿ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲೆಂದು ಆ ಕಾಲದ ಅತ್ಯುತ್ತಮ ಎಂಜಿನಿಯರಿಂಗ್ ವಿದ್ಯೆಯನ್ನೆಲ್ಲ ಧಾರೆಯೆರೆದು ಕಟ್ಟಿದ್ದು. ಕಟ್ಟಿದ ಹದಿನಾರು ವರ್ಷಕ್ಕೆ, ತನಗಿಂತ ದೊಡ್ಡದರ ಹೊಟ್ಟೆಯೊಳಗೆ ಅದೂ ಮುಳುಗಿತು. ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ಅದು ಈಗಲೂ ತಲೆಯೆತ್ತುತ್ತದೆ. ಜನ ಸಾಲುಗಟ್ಟಿ ನೋಡಲು ಹೋಗುತ್ತಾರೆ. ಕಣಿವೆಯನ್ನು ಮುಳುಗಿಸಿದ್ದೇ ಮುಂದೆ ಮುಳುಗಿತು ಎಂಬುದನ್ನು ಕಂಡು ನಮಗೆ ಬರಬೇಕಾದದ್ದು ವೈರಾಗ್ಯವೇ? ಅದಕ್ಕಿಂತ ವಿನಯವೆನ್ನುವುದು ಮೇಲು. ಒಂದು ತಲೆಮಾರು ತನ್ನ ಪರಮ ಸಾಧನೆಯೆಂದು ನೆಟ್ಟದ್ದು ಮುಂದಿನ ತಲೆಮಾರಿಗೆ ತಳದ ಕಲ್ಲಾಗುತ್ತದೆ. ಹೀಗಿರುವಾಗ ನಮ್ಮ ಕಾಲದ ಅಗತ್ಯವೇ ಎಲ್ಲ ಕಾಲದ ಅಗತ್ಯ ಎಂದು ನಾವು ಯಾವ ಧೈರ್ಯದಿಂದ ಹೇಳುತ್ತೇವೆ?

ಇಲ್ಲಿಯವರೆಗೆ ಬಂದ ಮೇಲೆ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಈ ನೀರು ನಿಂತದ್ದು ಯಾರಿಗಾಗಿ? ಉತ್ತರ ಹುಡುಕಲು ಯಲಹಂಕದವರು ದೂರ ಹೋಗಬೇಕಿಲ್ಲ. ಬೆಂಗಳೂರಿನ ಬೀದಿಯಲ್ಲಿ ಮೊದಲ ವಿದ್ಯುದ್ದೀಪ ಹೊತ್ತಿಕೊಂಡದ್ದು 1905ರಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ. ಅದೂ ಕಾವೇರಿ ಎರಡಾಗಿ ಸೀಳಿ ಬಳಸಿದ ಒಂದು ದ್ವೀಪವೇ. ನಾಡು ಬೆಳೆದಂತೆ ಆ ಬೆಳಕು ಸಾಲದಾಯಿತು. 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ಬಂದಿತು; ಬಹುಕಾಲ ಕರ್ನಾಟಕದ ವಿದ್ಯುತ್ತಿನ ಬಹುಪಾಲು ಅಲ್ಲಿಂದಲೇ ಬಂದಿತು. ನಮ್ಮ ಕಾರ್ಖಾನೆಗಳು ತಿರುಗಿದ್ದು, ನಮ್ಮ ಮಕ್ಕಳು ರಾತ್ರಿ ಓದಿದ್ದು, ಮನೆಮನೆಯ ಮಿಕ್ಸಿ ಒರಳಿನ ಕೆಲಸವನ್ನು ತಾನು ವಹಿಸಿಕೊಂಡದ್ದು, ಎಲ್ಲದರಲ್ಲೂ ಶರಾವತಿಯ ಪಾಲಿದೆ. ಯಲಹಂಕದ ರೈಲು ಗಾಲಿ ಕಾರ್ಖಾನೆಯನ್ನೇ ತೆಗೆದುಕೊಳ್ಳೋಣ. 1984ರಿಂದ ಅಲ್ಲಿ ವಿದ್ಯುತ್ ಕುಲುಮೆಗಳಲ್ಲಿ ಉಕ್ಕು ಕರಗಿಸಿ ಗಾಲಿಗಳನ್ನು ಎರಕ ಹೊಯ್ಯುತ್ತಿದ್ದಾರೆ. ನಾವು ರಾತ್ರಿ ಯಶವಂತಪುರದ ಮೇಲೆ ಹಾದು ತಾಳಗುಪ್ಪಕ್ಕೆ ಹೋಗುವ ರೈಲಿನಡಿ ಉರುಳುವ ಗಾಲಿಗಳಲ್ಲಿ ಆ ಕುಲುಮೆಯಲ್ಲಿ ಹುಟ್ಟಿದವೂ ಇರಬಹುದು. ಅಂದರೆ, ಶರಾವತಿ ಕೊಟ್ಟ ಶಕ್ತಿಯ ಮೇಲೆ ಕುಳಿತೇ ನಾವು ಶರಾವತಿಯನ್ನು ನೋಡಲು ಹೋಗುತ್ತೇವೆ. ದೂರದ, ಸಂಬಂಧವಿಲ್ಲದ, ಒಂಟಿಯಾದ ಜಾಗವೆಂದು ನಾವು ಆರಿಸಿಕೊಂಡ ದ್ವೀಪಕ್ಕೆ ನಮ್ಮ ಮನೆಯ ಸ್ವಿಚ್ಚಿನಿಂದ ನೇರವಾಗಿ ಒಂದು ತಂತಿ ಎಳೆದಿದೆ.

ದ್ವೀಪ ನಮಗೆ ಕಲಿಸುವ ಪಾಠ ಇದೇ ಎಂದು ತೋರುತ್ತದೆ. ಏಕಾಂತವನ್ನು ಅರಸಿ ಹೋದವರಿಗೆ ಅದು ಋಣವನ್ನು ತೋರಿಸುತ್ತದೆ. ದೇವಋಣ, ಪಿತೃಋಣ, ಋಷಿಋಣ ಎಂದು ಹಿರಿಯರು ಎಣಿಸಿದರು. ಆ ಸಾಲಿಗೆ ನಮ್ಮ ಕಾಲ ಮತ್ತೊಂದನ್ನು ಸೇರಿಸಬೇಕಾಗಿದೆ: ಮುಳುಗಿದವರ ಋಣ.

ಮುಳುಗಿದವರು ಯಾರು? ಅಣೆಕಟ್ಟು ತುಂಬುವ ಮುನ್ನ ಮನೆಯ ತೊಲೆ ಬಾಗಿಲು ಕಳಚಿ ಲಾರಿಗೆ ಹೇರಿಕೊಂಡು ಊರು ಬಿಟ್ಟವರು. ಗೊತ್ತಿಲ್ಲದ ಕಾಡಿನ ನಡುವೆ ಇಳಿದು ಮತ್ತೆ ಮಣ್ಣು ಅಗೆದವರು. ಅವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳಿಗೆ, ಉಳುವ ನೆಲ ತಮ್ಮದೇ ಎನ್ನುವ ಹಕ್ಕುಪತ್ರ ಇಂದಿಗೂ ಪೂರ್ತಿಯಾಗಿ ಕೈಸೇರಿಲ್ಲ. ಮುಳುಗಡೆ ಸಂತ್ರಸ್ತರು ಎಂಬ ಹೆಸರು ಮಾತ್ರ ಮೂರು ತಲೆಮಾರು ದಾಟಿ ಬಂದಿದೆ. ಸಾಗರದಲ್ಲಿ ಬಾಳಿದ ನಾ. ಡಿಸೋಜ ಶರಾವತಿ ಯೋಜನೆಯ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಈ ನೋವನ್ನು ಹತ್ತಿರದಿಂದ ಕಂಡವರು. ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳು ಆ ನೀರಿನಿಂದಲೇ ಎದ್ದು ಬಂದವು. ಗಿರೀಶ ಕಾಸರವಳ್ಳಿ ‘ದ್ವೀಪ’ವನ್ನು ಚಲನಚಿತ್ರವಾಗಿಸಿದರು. ನೀರು ದಿನದಿಂದ ದಿನಕ್ಕೆ ಏರುತ್ತ ಮನೆಯನ್ನು ಸುತ್ತುವರಿಯುವಾಗ ಆ ಮನೆಯವರಿಗೆ ದ್ವೀಪವೆಂದರೆ ಏನಾಗಿ ಕಂಡಿರಬೇಕು? ನಮಗೆ ರಜೆಯಾಗಿ ಕಾಣುವ ಅದೇ ನೀರು ಅವರಿಗೆ ಗಡುವಾಗಿ ಕಂಡಿತು.

ಊರು ಬಿಡದೆ ಉಳಿದವರ ಕತೆಯೂ ಇದೆ. ತುಮರಿಯ ಸುತ್ತಿನ ಹಳ್ಳಿಗಳ ಜನ ನೀರಿನಾಚೆ ಉಳಿದುಬಿಟ್ಟರು. ದ್ವೀಪದ ಜನ ಎಂದೇ ಅವರನ್ನು ಕರೆಯುವುದು ರೂಢಿಯಾಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ದಡಗಳ ನಡುವೆ ಓಡುತ್ತಿದ್ದ ಲಾಂಚೇ ಅವರಿಗೆ ಸಾಗರ ಪೇಟೆಯ ಬಾಗಿಲಾಗಿತ್ತು. ಸಂಜೆ ಕೊನೆಯ ಲಾಂಚು ಹೊರಟ ಮೇಲೆ ಆ ಬಾಗಿಲು ಮುಚ್ಚಿತೆಂದೇ ಲೆಕ್ಕವಾಗಿತ್ತು. ರಾತ್ರಿ ಹೊತ್ತು ಹೆರಿಗೆ ನೋವು ಕಾಣಿಸಿಕೊಂಡರೆ, ಮುದುಕರಿಗೆ ಎದೆ ಹಿಡಿದರೆ, ಬಳಸು ದಾರಿಯಲ್ಲಿ ಕಾಡು ಸುತ್ತಿ ಹೋಗಬೇಕಿತ್ತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಸಿಗಂದೂರಿಗೆ ಹೋಗುವ ಭಕ್ತರಿಗೆ ಆ ಲಾಂಚು ಒಂದು ಸಂಭ್ರಮವಾಗಿತ್ತು. ಮಕ್ಕಳು ಅಂಚಿಗೆ ಬಂದು ನೀರು ನೋಡುತ್ತಿದ್ದರು. ಅದೇ ಲಾಂಚಿಗಾಗಿ ಔಷಧಿಯ ಚೀಟಿ ಹಿಡಿದು ಕಾಯುತ್ತಿದ್ದವರಿಗೆ ಅದು ಏನಾಗಿತ್ತು? ಅರವತ್ತು ವರ್ಷ ಕಾದ ಮೇಲೆ, 2025ರ ಜುಲೈ 14ರಂದು, ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದದ ಸೇತುವೆ ಆ ಎರಡು ದಡಗಳನ್ನು ಕೂಡಿಸಿತು. ಸೇತುವೆಯಾದ ದಿನ, ಲಾಂಚಿನ ಸೊಗಸು ಹೋಯಿತಲ್ಲ ಎಂದು ನಗರದ ಕೆಲವರು ಮರುಗಿದರು. ಆ ಮರುಕ ಸುಳ್ಳಲ್ಲ. ಆದರೆ ಅದು ಯಾರ ಮರುಕ ಎಂಬುದನ್ನು ನಾವು ಕೇಳಿಕೊಳ್ಳಬೇಕು. ದೂರವನ್ನು ಬೇಕೆಂದು ಆರಿಸಿಕೊಂಡವರಿಗೆ ಅದು ಏಕಾಂತ. ದೂರವನ್ನು ಹೇರಿಸಿಕೊಂಡವರಿಗೆ ಅದು ಒಂಟಿತನ. ಒಬ್ಬರ ಏಕಾಂತ ಇನ್ನೊಬ್ಬರ ಒಂಟಿತನದ ಮೇಲೆ ನಿಂತಿರುವಾಗ, ಏಕಾಂತವನ್ನು ಅನುಭವಿಸುವವರಿಗೆ ಒಂದು ಹೊಣೆಯೂ ಕೂಡಿಕೊಂಡೇ ಬರುತ್ತದೆ.

ಋಣ ಮನುಷ್ಯರಿಗೆ ಮಾತ್ರ ಸಲ್ಲುವುದಲ್ಲ. ನೀರು ಏರಿದಾಗ ಕಾಡೂ ತುಂಡಾಯಿತು. ತುಂಡಾದ ಕಾಡು ನೋಡಲು ಹಸಿರಾಗಿಯೇ ಇರುತ್ತದೆ, ಆದರೆ ಒಳಗಿನಿಂದ ಬಡವಾಗುತ್ತ ಹೋಗುತ್ತದೆ. ಇದನ್ನು ಜಗತ್ತಿಗೆ ತಿಳಿಸಿಕೊಟ್ಟದ್ದು ಶರಾವತಿಯ ನಡುಗಡ್ಡೆಗಳ ಹಾಗೆಯೇ ಹುಟ್ಟಿದ ಇನ್ನೊಂದು ದ್ವೀಪ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಒಂದು ಬೆಟ್ಟದ ನೆತ್ತಿ ನೀರಿನ ನಡುವೆ ಉಳಿಯಿತು. ಬಾರೋ ಕೊಲೊರಾಡೊ ಎಂಬ ಆ ದ್ವೀಪವನ್ನು 1923ರಲ್ಲಿ ಮೀಸಲು ಕಾಡೆಂದು ಕಾಯ್ದಿಟ್ಟರು. ಬೇಟೆಯಿಲ್ಲ, ಮರ ಕಡಿಯುವುದಿಲ್ಲ, ವಿಜ್ಞಾನಿಗಳು ಮಾತ್ರ ಬಂದು ಹೋಗುತ್ತಾರೆ. ಇಷ್ಟು ಕಾಪಾಡಿದರೂ ಅಲ್ಲಿಂದ ಹಲವು ಜಾತಿಯ ಕಾಡುಹಕ್ಕಿಗಳು ಒಂದೊಂದಾಗಿ ಇಲ್ಲವಾದವು. ದಟ್ಟ ಕಾಡಿನ ನೆರಳಿನಲ್ಲೇ ಬಾಳಿದ ಹಕ್ಕಿಗಳಲ್ಲಿ, ರೆಕ್ಕೆಯಿದ್ದೂ ನೂರು ಮೀಟರಿನಷ್ಟು ತೆರೆದ ನೀರನ್ನು ದಾಟಲಾರದವು ಇವೆ. ಒಮ್ಮೆ ಅಳಿದ ಕುಲವನ್ನು ಮತ್ತೆ ತುಂಬಲು ಆಚೆ ದಡದಿಂದ ಹಕ್ಕಿ ಬರಲಿಲ್ಲ. ಕಾಯುವುದೊಂದೇ ಸಾಲದು, ಕೂಡಿಸಿಡುವುದೂ ಬೇಕು ಎಂದು ಆ ದ್ವೀಪ ಹೇಳುತ್ತದೆ.

ನಮ್ಮ ಸಿಂಗಳೀಕವೂ ಅಂಥದೇ ಜೀವಿ. ಕರಿ ಮೈ, ಮುಖದ ಸುತ್ತ ಬೆಳ್ಳಿ ಕೇಸರ, ಸಿಂಹದ ಹಾಗೆ ತುದಿಗೊಂಡೆಯ ಬಾಲ. ಪಶ್ಚಿಮಘಟ್ಟವನ್ನು ಬಿಟ್ಟು ಲೋಕದಲ್ಲಿ ಮತ್ತೆಲ್ಲೂ ಅದಕ್ಕೆ ಮನೆಯಿಲ್ಲ. ಅದು ಮರದಿಂದ ಮರಕ್ಕೆ, ಕೊಂಬೆಯಿಂದ ಕೊಂಬೆಗೆ ದಾಟಿ ಬದುಕುತ್ತದೆ. ನೆಲಕ್ಕಿಳಿಯುವುದು ಅದಕ್ಕೆ ಒಗ್ಗದ ಮಾತು. ಹೀಗಾಗಿ ಅದಕ್ಕೆ ದ್ವೀಪವಾಗಲು ನೀರೇ ಬೇಕೆಂದಿಲ್ಲ. ಒಂದು ಅಗಲ ರಸ್ತೆ ಸಾಕು, ವಿದ್ಯುತ್ ಕಂಬಗಳ ಸಾಲಿಗೆ ಕಡಿದ ಒಂದು ಪಟ್ಟಿ ಸಾಕು. ಈಗ ಅದೇ ಅಭಯಾರಣ್ಯದಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಇಳಿಸಿ ಮತ್ತೆ ಏರಿಸುವ 2,000 ಮೆಗಾವಾಟ್‌ನ ಇನ್ನೊಂದು ಯೋಜನೆಯ ಮಾತು ನಡೆದಿದೆ. ಬೆಳಕು ಬೇಡವೆನ್ನುವಷ್ಟು ನಾವು ಯಾರೂ ವಿರಕ್ತರಲ್ಲ. ಆದರೆ ಒಮ್ಮೆ ಕೊಟ್ಟವರನ್ನೇ ಮತ್ತೆ ಮತ್ತೆ ಕೇಳುವುದು ಯಾವ ನ್ಯಾಯ? ಕೊಡುವ ಕೈ ದಣಿಯಬಾರದೆಂದು ಯೋಚಿಸಬೇಕಾದವರು ಪಡೆಯುವವರೇ ಅಲ್ಲವೇ?

ಹಾಗಾದರೆ ದ್ವೀಪಕ್ಕೆ ಹೋಗಲೇಬಾರದೇ? ಹೋಗಬೇಕು. ಋಣವಿದೆ ಎಂದು ತಿಳಿಯುವುದಕ್ಕಾದರೂ ಹೋಗಬೇಕು. ಕಾಣದೆ ಇರುವವರಿಗೆ ಕಾಳಜಿ ಹುಟ್ಟುವುದು ಕಷ್ಟ. ಆದರೆ ಹೋಗುವ ಬಗೆಯೊಂದಿದೆ. ನೆಂಟರ ಮನೆಗೆ ಹೋದಾಗ ನಾವು ಅವರ ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡುವುದಿಲ್ಲ. ಅವರು ಮಲಗುವ ಹೊತ್ತಿಗೆ ಗದ್ದಲ ಮಾಡುವುದಿಲ್ಲ. ಹೊರಡುವಾಗ ಹಾಸಿಗೆ ಮಡಿಸಿಟ್ಟು ಬರುತ್ತೇವೆ. ಕಾಡಿನ ದ್ವೀಪ ಕೇಳುವುದೂ ಅಷ್ಟೇ ಮರ್ಯಾದೆಯನ್ನು. ಅನುಮತಿಯಿಲ್ಲದ ದಡಕ್ಕೆ ಕಾಲಿಡದಿರುವುದು, ನೀರನ್ನು ಬಲ್ಲ ಸ್ಥಳೀಯರ ಮಾತು ಮೀರದಿರುವುದು, ಸ್ಪೀಕರಿನ ಹಾಡನ್ನು ಮನೆಯಲ್ಲೇ ಬಿಟ್ಟು ಹೋಗುವುದು, ಒಯ್ದ ಕಸದ ಕೊನೆಯ ಚೂರನ್ನೂ ಚೀಲದಲ್ಲಿ ಮರಳಿ ತರುವುದು. ಇವು ಬರೀ ನಿಯಮಗಳೆಂದುಕೊಂಡರೆ ಭಾರವೆನಿಸುತ್ತವೆ. ಅತಿಥಿ ಧರ್ಮವೆಂದುಕೊಂಡರೆ ತಾವಾಗಿಯೇ ಬರುತ್ತವೆ.

ಹೋಗದೆ ಇರುವ ಕಾಲವನ್ನು ತಿಳಿಯುವುದೂ ಈ ಧರ್ಮದ ಭಾಗ. ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಐಲ್ ರಾಯಲ್ ಎಂಬ ದ್ವೀಪದ ರಾಷ್ಟ್ರೀಯ ಉದ್ಯಾನವಿದೆ. ಪ್ರತಿ ವರ್ಷ ನವೆಂಬರಿನಿಂದ ಏಪ್ರಿಲ್ ನಡುವಿನವರೆಗೆ ಅದು ಪ್ರವಾಸಿಗಳಿಗೆ ಬಾಗಿಲು ಮುಚ್ಚುತ್ತದೆ. ತೋಳಗಳೂ ಕಡವೆಗಿಂತ ದೊಡ್ಡದಾದ ಮೂಸ್‌ಗಳೂ ಹಿಮದ ನಡುವೆ ತಮ್ಮ ಪಾಡಿಗೆ ತಾವು ಬದುಕುತ್ತವೆ. 1958ರಿಂದ ಅವುಗಳ ಬಾಳನ್ನು ಅಲ್ಲಿ ಬಿಡದೆ ಅಧ್ಯಯನ ಮಾಡುತ್ತ ಬಂದಿದ್ದಾರೆ. ನಮ್ಮ ಕರಾವಳಿಯಲ್ಲೂ ಮಳೆಗಾಲ ಬಂತೆಂದರೆ ಮಲ್ಪೆಯಿಂದ ಸೇಂಟ್ ಮೇರಿಸ್‌ಗೆ ದೋಣಿ ಹೋಗುವುದಿಲ್ಲ. ಕಡಲು ಒಪ್ಪದ ಕಾಲದಲ್ಲಿ ಮೀನುಗಾರರೂ ಬಲೆಯನ್ನು ದಡದಲ್ಲೇ ಇಡುತ್ತಾರೆ. ವರ್ಷದ ಕೆಲವು ತಿಂಗಳು ಮನುಷ್ಯನ ಕಣ್ಣಿಗೆ ಬೀಳದೆ ಇರುವ ಹಕ್ಕು ಒಂದು ಜಾಗಕ್ಕೆ ಇರಬೇಕು. ಬಾಗಿಲು ಮುಚ್ಚಿದ ಮೇಲೆ ಗರ್ಭಗುಡಿಯ ಮುಂದೆ ನಿಂತು ನಾವು ಜಗಳವಾಡುವುದಿಲ್ಲ. ಕಾಡಿಗೆ ಯಾಕೆ ಆ ಗೌರವ ಇಲ್ಲ?

ಮನುಷ್ಯನ ಕೈ ಮುಳುಗಿಸಿದ್ದೂ ಉಂಟು, ಬೆಳೆಸಿದ್ದೂ ಉಂಟು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ರಂಗನತಿಟ್ಟಿನ ಪುಟ್ಟ ನಡುಗಡ್ಡೆಗಳು ಮೂಡಿದವು. ಹಕ್ಕಿಗಳು ಬಂದು ಗೂಡು ಕಟ್ಟಿದವು. ಅದನ್ನು ಕಂಡ ಸಲೀಂ ಅಲಿಯವರ ಮಾತಿಗೆ ಬೆಲೆಕೊಟ್ಟು 1940ರಲ್ಲಿ ಅಂದಿನ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮವಾಗಿಸಿತು. ಕೆಂಪೇಗೌಡರ ಕಾಲದ್ದೆಂದು ಹೇಳುವ ನಮ್ಮ ಹೆಬ್ಬಾಳದ ಕೆರೆಯ ನಡುವಿನ ಮರಗಳಲ್ಲೂ ಕೊಕ್ಕರೆಗಳು ಇಳಿಯುತ್ತವೆ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಹಕ್ಕಿಗಳಿಗಾಗಿಯೇ ಸಂರಕ್ಷಣಾ ಮೀಸಲಾಯಿತು. ನಾಲ್ಕೂ ಕಡೆ ಮನೆ, ರಸ್ತೆ, ತಂತಿಗಳು ಸುತ್ತುವರಿದ ಆ ಕೆರೆ ಇಂದು ನೆಲದ ನಡುವಿನ ದ್ವೀಪ. ದೂರದ ದ್ವೀಪದಲ್ಲಿ ಮೌನವಾಗಿರಲು ಕಲಿತವರು ಮನೆಯ ಪಕ್ಕದ ಈ ದ್ವೀಪಕ್ಕೆ ಕೊಳಚೆ ಹರಿಯುವಾಗಲೂ ಮೌನವಾಗಿಯೇ ಇದ್ದರೆ, ಕಲಿತದ್ದರ ಫಲವೇನು?

ಕಲಿತದ್ದರ ಪರೀಕ್ಷೆ ನಡೆಯುವುದು ಅಲ್ಲಿ ಅಲ್ಲ, ಇಲ್ಲಿ. ಬೆಂಗಳೂರಿನ ಬಾಯಾರಿಕೆಗೆ ಲಿಂಗನಮಕ್ಕಿಯ ನೀರನ್ನೇ ತರಬೇಕೆಂಬ ಯೋಚನೆ 2019ರಲ್ಲಿ ಬಲವಾಗಿ ಎದ್ದಿತು. ಆ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿ ಬೇಡವೆಂದಿತು. ಯೋಚನೆ ಮಲಗಿದಂತೆ ಕಂಡರೂ ಮತ್ತೆ ಮತ್ತೆ ಎದ್ದು ಕೂರುತ್ತದೆ. ಜಲಾಶಯಕ್ಕಿಂತ ನಾವು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿದ್ದೇವೆ. ಯಾವ ನೀರನ್ನು ಕೆಳಗಿಳಿಸಿ ನಾಡು ವಿದ್ಯುತ್ತು ಪಡೆಯುತ್ತಿದೆಯೋ, ಅದೇ ನೀರನ್ನು ವಿದ್ಯುತ್ತು ಸುರಿದು ಮೇಲೆತ್ತಬೇಕು. ಕಾಡು ಬೆಟ್ಟ ಸೀಳಿ ನೂರಾರು ಕಿಲೋಮೀಟರು ಕೊಳವೆ ಹಾಕಬೇಕು. ಇದು ಖರ್ಚಿನ ಪ್ರಶ್ನೆ ಎಂದು ಲೆಕ್ಕಪತ್ರದವರು ಹೇಳುತ್ತಾರೆ. ಅದಕ್ಕೂ ಮೊದಲು ಇದು ನಡತೆಯ ಪ್ರಶ್ನೆ. ಮನೆಯ ಬೆಳಕಿಗಾಗಿ ಒಂದು ಕಣಿವೆ ಮುಳುಗಿತು. ನಲ್ಲಿಗಾಗಿಯೂ ಅದೇ ಕಣಿವೆಯನ್ನು ಕೇಳುವ ಮುನ್ನ, ನಮ್ಮ ಛಾವಣಿಯ ಮೇಲೆ ಬಿದ್ದ ಮಳೆಯನ್ನು ನಾವು ಹಿಡಿದಿಟ್ಟೆವೇ? ನಮ್ಮ ರಾಜಕಾಲುವೆಗಳನ್ನು ನೀರಿಗೆ ಬಿಟ್ಟುಕೊಟ್ಟೆವೇ? ನಮ್ಮ ಕೆರೆಗಳನ್ನು ಕೆರೆಗಳಾಗಿ ಉಳಿಸಿದೆವೇ?

ಹಿನ್ನೀರಿನ ದ್ವೀಪದಲ್ಲಿ ಒಂದು ರಾತ್ರಿ ಕಳೆದು ಬರುವ ಪ್ರತಿಯೊಬ್ಬರಲ್ಲೂ ನಮ್ಮದೊಂದು ಮನವಿಯಿದೆ. ಅಲ್ಲಿ ಒಂದು ಕ್ಯಾನು ನೀರಿನಲ್ಲಿ ದಿನ ಸಾಗಿಸಿದ್ದನ್ನು ಇಲ್ಲಿ ನಲ್ಲಿ ತಿರುಗಿಸುವಾಗ ಮರೆಯದಿರೋಣ. ಛಾವಣಿಗೊಂದು ಇಂಗುಗುಂಡಿ, ಕೆರೆಗೊಂದು ಕಾವಲು, ಅನಗತ್ಯ ದೀಪಕ್ಕೊಂದು ಕಡಿವಾಣ ಎಂದು ಮೊದಲು ಮನೆಯಲ್ಲೇ ಋಣ ತೀರಿಸಲು ತೊಡಗೋಣ. ಮುಳುಗಡೆಯಾದವರ ಹಕ್ಕುಪತ್ರದ ಮಾತು ಬಂದಾಗ ಅದು ದೂರದ ಯಾವುದೋ ಜಿಲ್ಲೆಯ ಸುದ್ದಿಯೆಂದು ಪುಟ ತಿರುಗಿಸದೆ ಅವರ ಪರವಾಗಿ ನಿಲ್ಲೋಣ. ಶರಾವತಿಯ ನೀರನ್ನು ಬೆಂಗಳೂರಿಗೆ ತರುವ ಮಾತು ಇನ್ನೊಮ್ಮೆ ಎದ್ದರೆ, ಬೇಡವೆನ್ನುವ ಮೊದಲ ದನಿ ಸಾಗರದಿಂದಲೋ ತುಮರಿಯಿಂದಲೋ ಬರುವವರೆಗೆ ಕಾಯುವುದು ಬೇಡ. ಅದು ಯಲಹಂಕದಿಂದ, ಹೆಬ್ಬಾಳದಿಂದ, ಆ ಬೆಳಕನ್ನು ಇಷ್ಟು ವರ್ಷ ಉಂಡ ನಮ್ಮ ಮನೆಗಳಿಂದಲೇ ಏಳಲಿ.